ಲಡಾಖಿನ ಹಣ್ಣು, ಹೊಸನಗರದ ಬ್ಯಾಣ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮೂರು ಎಕರೆ ಅಡಿಕೆ ತೋಟ ಎಲೆಚುಕ್ಕಿ ರೋಗದಿಂದ ಅರ್ಧಕ್ಕರ್ಧ ಸೊರಗಿದೆ. ಸೇನೆಯಲ್ಲಿರುವ ನಮ್ಮ ಭಾವ ರಜೆಗೆ ಬರುವಾಗ ಲೇಹ್‌ನಿಂದ ಸೀ ಬಕ್‌ಥಾರ್ನ್ ಎಂಬ ಹಣ್ಣಿನ ರಸದ ಬಾಟಲಿಗಳನ್ನೂ ಅದರ ಎಣ್ಣೆಯ ಕ್ಯಾಪ್ಸೂಲ್‌ಗಳನ್ನೂ ತಂದರು. ಜೊತೆಗಿದ್ದ ಕರಪತ್ರದಲ್ಲಿ '190 ಪೋಷಕಾಂಶಗಳು', 'ಎಲ್ಲ ಕಾಯಿಲೆಗೂ ಒಂದೇ ಹಣ್ಣು' ಎಂದಿದೆ. ಈಗ ಪರಿಚಯದವರೊಬ್ಬರು ಇದರ ಸಸಿ ತರಿಸಿಕೊಡುತ್ತೇವೆ, ಬ್ಯಾಣದಲ್ಲಿ (ತೋಟಕ್ಕೆ ಸೇರಿದ ಹುಲ್ಲುಗಾವಲಿನಲ್ಲಿ) ಹಾಕಿ, ಹಣ್ಣನ್ನು ನಾವೇ ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಅಮ್ಮನಿಗೆ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಮತ್ತು ಮಂಡಿನೋವು ಇವೆ, ಹೃದಯಕ್ಕೆ ಸ್ಟೆಂಟ್ ಹಾಕಿ ಎರಡು ವರ್ಷವಾಯಿತು. ಅವರಿಗೆ ಕ್ಯಾಪ್ಸೂಲ್ ಕೊಡಬಹುದೆ? ಸಸಿ ಹಾಕಬಹುದೆ?

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು, ಮೊದಲು ಅದನ್ನು ಮುಗಿಸುತ್ತೇನೆ. ಸಸಿ ಹಾಕಬೇಡಿ. ಮುಂಗಡ ಕೊಟ್ಟಿರದಿದ್ದರೆ ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ವಾಪಸು ಕೇಳಿ.

ಕಾರಣ ತಿಳಿಯಲು ಆ ಗಿಡ ನಿಂತಿರುವ ಜಾಗವನ್ನು ಒಮ್ಮೆ ನೋಡಬೇಕು. ಹಲವು ವರ್ಷಗಳ ಹಿಂದೆ ಒಂದು ಸೆಪ್ಟೆಂಬರಿನಲ್ಲಿ ನಾನು ಲಡಾಖಿನ ನುಬ್ರಾ ಕಣಿವೆಗೆ ಹೋಗಿದ್ದೆ. ಹೊಳೆಯ ದಂಡೆಯ ಮರಳು ಮತ್ತು ಬೆಣಚುಕಲ್ಲಿನ ಮೇಲೆ ಆಳೆತ್ತರದ ಮುಳ್ಳುಪೊದೆ. ಎಲೆ ಬೂದು ಬಣ್ಣ, ರೆಂಬೆಗಳಿಗೆ ಜೋಳದ ತೆನೆಯಂತೆ ಒತ್ತಿ ಅಂಟಿಕೊಂಡ ಕಿತ್ತಳೆ ಬಣ್ಣದ ಸಣ್ಣ ಹಣ್ಣುಗಳು. ಹಣ್ಣಾದರೂ ಅವು ಉದುರುವುದಿಲ್ಲ, ತೊಟ್ಟಿನಿಂದ ಸುಲಭವಾಗಿ ಬಿಡಿಸಿಕೊಳ್ಳುವುದೂ ಇಲ್ಲ. ಹೆಂಗಸರು ಕೆಳಗೆ ಬಟ್ಟೆ ಹಾಸಿ ಕೋಲಿನಿಂದ ಬಡಿಯುತ್ತಿದ್ದರು. ನಾನೂ ನಾಲ್ಕು ಹಣ್ಣು ಕಿತ್ತೆ, ಮೂರು ಬೆರಳಿಗೆ ಮುಳ್ಳು ಚುಚ್ಚಿತು. ಬಾಯಿಗೆ ಹಾಕಿಕೊಂಡರೆ ಅಪ್ಪೆಮಿಡಿಯ ಹುಳಿಗೆ ಹರಳೆಣ್ಣೆ ಸವರಿದ ಹಾಗೆ. ಮುಖ ಕಿವಿಚಿದ್ದನ್ನು ಕಂಡು ಅವರೆಲ್ಲ ನಕ್ಕರು. ಲಡಾಖಿನಲ್ಲಿ ಇದಕ್ಕೆ ತ್ಸೆರ್ಮಾಂಗ್ ಎಂಬ ಹೆಸರಿದೆ, ಲಾಹೌಲ್‌ನಲ್ಲಿ ಛರ್ಮಾ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಹಿಪೊಫೆ. ಗ್ರೀಕಿನಲ್ಲಿ ಅದಕ್ಕೆ 'ಹೊಳೆಯುವ ಕುದುರೆ' ಎಂಬ ಅರ್ಥ ಹೇಳುತ್ತಾರೆ. ಈ ಎಲೆ ತಿಂದು ಸೈನ್ಯದ ಕುದುರೆಗಳ ಮೈ ಮಿರುಗಿತಂತೆ. ಕರಪತ್ರ ಬರೆಯುವವರಿಗೆ ಈ ಕತೆ ಬಹಳ ಪ್ರಿಯ.

ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಆಗುಂಬೆಯ ಸರಾಸರಿ 7,000 ಮಿಲಿಮೀಟರ್ ಮೀರುತ್ತದೆ. ಅವರ ಒಂದು ವರ್ಷದ ಮಳೆಯನ್ನು ನಮ್ಮ ಆಷಾಢ ಒಂದು ಹಗಲಿನಲ್ಲಿ ಸುರಿದು ಮುಗಿಸಿಬಿಡುತ್ತದೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೆಪ್ಪುಗಟ್ಟುವ ಚಳಿಯಲ್ಲಿ ಮಲಗಿ, ಬಿಸಿಲು ಬಂದಾಗ ಏಳುವ ಗಿಡ ಅದು. ಮೈನಸ್ 40 ಡಿಗ್ರಿಯನ್ನೂ ತಾಳುತ್ತದೆ, ಬೇರಿನಲ್ಲಿ ನೀರು ನಿಂತರೆ ತಾಳುವುದಿಲ್ಲ. ನೆರಳು ಆಗದು. ಅದಕ್ಕೆ ಒಗ್ಗುವುದು ಮರಳು ಮಿಶ್ರಿತ, ಹುಳಿಯಿಲ್ಲದ ಮಣ್ಣು. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ನಮ್ಮ ಜಿಲ್ಲೆಯ ಕೊಡಚಾದ್ರಿಯ ತುದಿಯೇ 1,343 ಮೀಟರ್, ಲಡಾಖಿನಲ್ಲಿ ಗಿಡ ಬೆಳೆಯುವ ಕಣಿವೆಗಳ ತಳವೇ ಅದರ ಎರಡು ಪಟ್ಟಿಗಿಂತ ಎತ್ತರ.

ಇನ್ನೊಂದು ವಿಷಯವನ್ನು ಸಸಿ ಮಾರುವವರು ನಿಮಗೆ ಹೇಳಿರಲಾರರು. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ನಮ್ಮ ಜಾಯಿಕಾಯಿಯ ಹಾಗೆ. ಬೀಜದಿಂದ ಬಂದ ಸಸಿ ಯಾವುದೆಂದು ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ, ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ಪರಾಗಸ್ಪರ್ಶ ಗಾಳಿಯಿಂದ. ಅಷ್ಟು ವರ್ಷ ಬ್ಯಾಣದಲ್ಲಿ ಅದು ಬದುಕಿದ್ದರೆ ತಾನೆ!

ಅಲ್ಲಿ ಆ ಗಿಡದ ಬೆಲೆ ಹಣ್ಣಿಗಷ್ಟೇ ಅಲ್ಲ. ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿಯನ್ನು ಸಾಕಿಕೊಂಡು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ನಮ್ಮ ಗಾಳಿಮರವೂ ಇದೇ ಜಾತಿಯ ಸೂಕ್ಷ್ಮಜೀವಿಯ ಜೊತೆ ಇದೇ ಕೆಲಸ ಮಾಡುತ್ತದೆ. ಬೇರು ಹಬ್ಬಿ ಸಡಿಲ ಮಣ್ಣನ್ನು ಕಟ್ಟುತ್ತದೆ. ಚೀನಾದಲ್ಲಿ ಹಳದಿ ನದಿಯ ಸುತ್ತಿನ ಸಡಿಲ ಮಣ್ಣಿನ ಪ್ರಸ್ಥಭೂಮಿಯಲ್ಲಿ ಇದನ್ನು ಲಕ್ಷಾಂತರ ಎಕರೆಗೆ ಹಬ್ಬಿಸಿದ್ದು ಮೊದಲಿಗೆ ಮಣ್ಣು ಉಳಿಸಲೆಂದು. ಲಡಾಖಿನಲ್ಲಿ ಒಣಮುಳ್ಳನ್ನು ಗೋಡೆಯ ಮೇಲೆ ಜೋಡಿಸಿ ಬೇಲಿ ಮಾಡುತ್ತಾರೆ, ಉಳಿದದ್ದು ಒಲೆಗೆ. ಹಣ್ಣಿಗೆ ಮಾರುಕಟ್ಟೆ ಬಂದದ್ದು ತೀರಾ ಈಚೆಗೆ. ಲೇಹ್‌ನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ ರಸ ತಯಾರಿಸುವ ವಿಧಾನವನ್ನು ರೂಪಿಸಿತು, ಈ ಶತಮಾನದ ಆರಂಭದಲ್ಲಿ ಅದು 'ಲೇಹ್ ಬೆರಿ' ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. 2023ರಲ್ಲಿ ಲಡಾಖಿನ ಸೀ ಬಕ್‌ಥಾರ್ನ್‌ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ನಮ್ಮ ಅಪ್ಪೆಮಿಡಿಗೆ ಸಿಕ್ಕಿದೆಯಲ್ಲ, ಅದೇ ಮಾನ್ಯತೆ.

ಇನ್ನು ಆ 190ರ ಲೆಕ್ಕ. ಒಂದು ಹಣ್ಣನ್ನು ಅರೆದು ಯಂತ್ರಕ್ಕೆ ಹಾಕಿ ಅದರಲ್ಲಿ ಎಷ್ಟು ಸಂಯುಕ್ತಗಳಿವೆ ಎಂದು ಎಣಿಸುವುದು ರಸಾಯನಶಾಸ್ತ್ರದ ಮೊದಲ ಮೆಟ್ಟಿಲು. ನಿಮ್ಮ ಮನೆಯ ತಿಳಿಸಾರನ್ನು ಅದೇ ಯಂತ್ರಕ್ಕೆ ಹಾಕಿದರೂ ನೂರಾರು ಸಿಗುತ್ತವೆ. ಸಂಖ್ಯೆಯಿಂದ ಏನೂ ಸಿದ್ಧವಾಗುವುದಿಲ್ಲ. ಯಾವುದು, ಎಷ್ಟು, ನಾವು ತಿನ್ನುವ ಪ್ರಮಾಣದಲ್ಲಿ ಏನು ಮಾಡುತ್ತದೆ ಎನ್ನುವ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೊದಲೆರಡಕ್ಕೆ ಉತ್ತರ ಬೇಕಾದಷ್ಟಿದೆ. ಮೂರನೆಯದಕ್ಕೆ ಬರುವಾಗ ಕರಪತ್ರಗಳು ಗಂಟಲು ಸರಿಮಾಡಿಕೊಳ್ಳುತ್ತವೆ.

ಸಿ ಜೀವಸತ್ವವನ್ನೇ ತೆಗೆದುಕೊಳ್ಳಿ. ಈ ಹಣ್ಣಿನಲ್ಲಿ ಅದು ಧಾರಾಳವಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಉಪಜಾತಿಯಿಂದ ಉಪಜಾತಿಗೆ ಅಜಗಜಾಂತರ. ಯೂರೋಪಿನ ಸಮುದ್ರತೀರದ ಉಪಜಾತಿಯಲ್ಲಿ 100 ಗ್ರಾಂ ಹಣ್ಣಿಗೆ 28ರಿಂದ 310 ಮಿಲಿಗ್ರಾಂ, ಆಲ್ಪ್ಸ್ ಬೆಟ್ಟಗಳದ್ದರಲ್ಲಿ 460ರಿಂದ 1,330, ಚೀನಾದ್ದರಲ್ಲಿ 200ರಿಂದ 2,500 ಎಂದು ವರದಿಯಾಗಿದೆ. ಮಾರುವವರು ಕಣ್ಣುಮುಚ್ಚಿ ಆರಿಸಿಕೊಳ್ಳುವುದು ಕೊನೆಯ ಅಂಕಿ. ನಿಮ್ಮ ಭಾವ ತಂದ ಹಣ್ಣು ಚೀನಾದ ಉಪಜಾತಿಯದಲ್ಲ, ತುರ್ಕೆಸ್ತಾನಿಕಾ ಎಂಬ ಬೇರೆಯದೇ ಉಪಜಾತಿ. ಹಣ್ಣು ಬಲಿತಷ್ಟೂ ಸಿ ಜೀವಸತ್ವ ಇಳಿಯುತ್ತದೆ. ರಸ ಕಾಯಿಸಿದಾಗ ಇನ್ನಷ್ಟು ಹೋಗುತ್ತದೆ, ಬಾಟಲಿ ಬಿಸಿಲಿನಲ್ಲಿ ಕೂತರೆ ಮತ್ತಷ್ಟು.

ಹೋಗಲಿ, ಎಷ್ಟು ಬೇಕು ನಮಗೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ದಿನಕ್ಕೆ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. ನಾವು ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟದ ನೆಲ್ಲಿಕಾಯಿಗೆ ಹಳೆಯ ಪೋಷಕಾಂಶ ಪಟ್ಟಿಯಲ್ಲಿ 100 ಗ್ರಾಮಿಗೆ 600 ಮಿಲಿಗ್ರಾಂ ಎಂದಿತ್ತು, 2017ರ ಹೊಸ ಪಟ್ಟಿಯಲ್ಲಿ ಅದು 250ರ ಆಸುಪಾಸಿಗೆ ಇಳಿದಿದೆ. ಕಡಿಮೆಯ ಅಂಕಿಯನ್ನೇ ಹಿಡಿದರೂ ಒಂದು ಒಳ್ಳೆಯ ನೆಲ್ಲಿಕಾಯಿಯಲ್ಲಿ ನಿಮ್ಮ ತಾಯಿಯವರ ಒಂದು ದಿನದ ಪಾಲು ಮುಗಿದು ಮಿಗುತ್ತದೆ. ಪೇರಲೆಯೂ 200 ದಾಟುತ್ತದೆ. ಹೆಚ್ಚು ನುಂಗಿದರೆ ಹೆಚ್ಚು ಲಾಭ ಎಂಬುದೂ ಇಲ್ಲಿ ನಡೆಯದು. ಒಂದು ಮಿತಿಯ ಆಚೆಗೆ ಕರುಳು ಹೀರುವುದು ಕಡಿಮೆಯಾಗುತ್ತದೆ, ಹೀರಿದ್ದೂ ಮೂತ್ರದಲ್ಲಿ ಹೋಗುತ್ತದೆ. ಸೊಪ್ಪುತರಕಾರಿ ಬೆಳೆಯದ ಚಳಿಗಾಲದ ಸೇನಾ ಶಿಬಿರಕ್ಕೆ ಆ ರಸ ಅಮೂಲ್ಯ. ಹಿತ್ತಿಲಿನಲ್ಲಿ ಪೇರಲೆ ಕೊಳೆಯುವ ಹೊಸನಗರಕ್ಕೆ?

ಈ ಹಣ್ಣಿನ ನಿಜವಾದ ವಿಶೇಷ ಇರುವುದು ಅದರ ಎಣ್ಣೆಯಲ್ಲಿ. ಸಾಮಾನ್ಯವಾಗಿ ಹಣ್ಣಿನ ಎಣ್ಣೆ ಬೀಜದಲ್ಲಿರುತ್ತದೆ. ಇದರಲ್ಲಿ ಬೀಜಕ್ಕೊಂದು ಎಣ್ಣೆ, ತಿರುಳಿಗೊಂದು ಎಣ್ಣೆ, ಎರಡರ ಸ್ವಭಾವವೂ ಬೇರೆ. ಬೀಜದ ಎಣ್ಣೆ ತೆಳು, ಅದರಲ್ಲಿ ಲಿನೋಲೆಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಎಂಬ ಕೊಬ್ಬಿನ ಆಮ್ಲಗಳೇ ಹೆಚ್ಚು. ಎರಡನೆಯದು ಅಗಸೆಯಲ್ಲಿರುವ ಒಮೆಗಾ-3. ತಿರುಳಿನ ಎಣ್ಣೆ ಕುಂಕುಮಗೆಂಪು, ಚಳಿಗೆ ಗಟ್ಟಿಯಾಗುತ್ತದೆ, ಬಟ್ಟೆಗೆ ತಾಗಿದರೆ ಕಲೆ ಹೋಗದು. ಆ ಬಣ್ಣ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳದ್ದು. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು, ಕೆಲವು ತಳಿಗಳಲ್ಲಿ ಅದಕ್ಕೂ ಹೆಚ್ಚು, ಪಾಮಿಟೋಲೆಯಿಕ್ ಆಮ್ಲ. ಒಮೆಗಾ-7 ಎಂದು ಈಗ ಎಲ್ಲೆಡೆ ಮಾರುತ್ತಿರುವುದು ಇದನ್ನೇ. ಸಸ್ಯಲೋಕದಲ್ಲಿ ಇಷ್ಟು ಪಾಮಿಟೋಲೆಯಿಕ್ ಸಿಗುವುದು ಅಪರೂಪ. ಆದರೆ ನಮ್ಮ ದೇಹ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ, ತಿನ್ನಲೇಬೇಕಾದ ಕೊಬ್ಬಲ್ಲ. ಸುಂಡಿಲಿಗಳಲ್ಲಿ ಇದು ಹಾರ್ಮೋನಿನಂತೆ ವರ್ತಿಸಿ ಸಕ್ಕರೆಯ ನಿಯಂತ್ರಣಕ್ಕೆ ನೆರವಾಯಿತೆಂದು 2008ರಲ್ಲಿ ಪ್ರಕಟವಾದ ಮೇಲೆ ಇದರ ವ್ಯಾಪಾರಕ್ಕೆ ರೆಕ್ಕೆ ಬಂತು. ಸುಂಡಿಲಿಗಳಲ್ಲಿ ಎಂಬ ಪದ ಮಾತ್ರ ಲೇಬಲ್ಲಿನವರೆಗೆ ಬರಲಿಲ್ಲ. ಅಂದ ಹಾಗೆ, ನಿಮ್ಮ ಕ್ಯಾಪ್ಸೂಲ್ ಡಬ್ಬಿಯಲ್ಲಿ ಬೀಜದ ಎಣ್ಣೆಯೋ ತಿರುಳಿನದೋ ಎಂದು ಬರೆದಿದೆಯೆ ನೋಡಿ. ಬರೆದಿಲ್ಲದಿದ್ದರೆ ಅದನ್ನು ತಯಾರಿಸಿದವರಿಗೇ ಆ ವ್ಯತ್ಯಾಸ ಮುಖ್ಯವೆನಿಸಿಲ್ಲ ಎಂದರ್ಥ.

ಇನ್ನು ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬರೋಣ. ಇವುಗಳಲ್ಲಿ ಹೆಚ್ಚು ಶ್ರದ್ಧೆಯಿಂದ ಮಾಡಿದ ಕೆಲವು ಫಿನ್ಲೆಂಡಿನ ತುರ್ಕು ನಗರದಿಂದ ಬಂದವು. 254 ಆರೋಗ್ಯವಂತರಿಗೆ 90 ದಿನ ದಿನಕ್ಕೆ 28 ಗ್ರಾಂ ಹಣ್ಣು, ಇಲ್ಲವೇ ಹಾಗೆಯೇ ಕಾಣುವ ತೋರಿಕೆಯ ತಿನಿಸು ಕೊಟ್ಟರು. ಯಾರಿಗೆ ಯಾವುದು ಎಂಬುದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. 2008ರಲ್ಲಿ ಫಲಿತಾಂಶ ಬಂತು. ನೆಗಡಿ ಕಡಿಮೆಯಾಗಲಿಲ್ಲ, ಬಂದ ನೆಗಡಿ ಬೇಗ ಹೋಗಲೂ ಇಲ್ಲ. ಉರಿಯೂತದ ಸೂಚಕವಾದ ಸಿ.ಆರ್.ಪಿ. ಮಾತ್ರ ತುಸು ಇಳಿಯಿತು. ಎಷ್ಟು ತುಸು ಎಂದರೆ ಲೀಟರಿಗೆ 0.06 ಮಿಲಿಗ್ರಾಮಿನಷ್ಟು. ಸಂಖ್ಯಾಶಾಸ್ತ್ರಕ್ಕೆ ಅದು ಕಾಣಿಸುತ್ತದೆ, ಮಂಡಿಗೆ ಕಾಣಿಸುವುದಿಲ್ಲ.

ಚರ್ಮದ ಇಸುಬು (ಎಕ್ಜಿಮಾ) ಇದ್ದ 49 ಮಂದಿಯ ಮೇಲೆ 1999ರಲ್ಲಿ ನಡೆದ ಪ್ರಯೋಗ ನನಗೆ ಬಹಳ ಇಷ್ಟ, ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ನಾಲ್ಕು ತಿಂಗಳು ದಿನಕ್ಕೆ ಐದು ಗ್ರಾಂ ಎಣ್ಣೆ. ಒಂದು ಗುಂಪಿಗೆ ಬೀಜದ್ದು, ಇನ್ನೊಂದಕ್ಕೆ ತಿರುಳಿನದು, ಹೋಲಿಕೆಗೆಂದು ಮೂರನೆಯ ಗುಂಪಿಗೆ ಬರೀ ಪ್ಯಾರಾಫಿನ್ ಎಣ್ಣೆ. ತಿರುಳಿನ ಎಣ್ಣೆ ತೆಗೆದುಕೊಂಡವರ ಚರ್ಮ ಸುಧಾರಿಸಿತು. ಪ್ಯಾರಾಫಿನ್ ತೆಗೆದುಕೊಂಡವರದ್ದೂ ಸುಧಾರಿಸಿತು! ಆ ಮೂರನೆಯ ಗುಂಪು ಇಲ್ಲದೆ ಹೋಗಿದ್ದರೆ ಎಂಥ ಸುಂದರ ಜಾಹೀರಾತು ಸಿಗುತ್ತಿತ್ತು ಯೋಚಿಸಿ. ನಮ್ಮಲ್ಲಿ 'ನಾನು ತೆಗೆದುಕೊಂಡೆ, ವಾಸಿಯಾಯಿತು' ಎಂದು ಹೇಳುವವರಿಗೆಲ್ಲ ಈ ಮೂರನೆಯ ಗುಂಪೇ ಇರುವುದಿಲ್ಲ.

ಎಲ್ಲವೂ ಸೋಲಲ್ಲ. ಕಣ್ಣು ಒಣಗುವ ತೊಂದರೆಯಿದ್ದ 100 ಜನರಿಗೆ ಚಳಿಗಾಲದ ಮೂರು ತಿಂಗಳು ದಿನಕ್ಕೆ ಎರಡು ಗ್ರಾಂ ಎಣ್ಣೆ ಕೊಟ್ಟಾಗ ಕಣ್ಣೀರಿನ ಸಾಂದ್ರತೆ ಏರುವುದು ತಗ್ಗಿತು, ಕಣ್ಣಿನ ಕೆಂಪು ಮತ್ತು ಉರಿಯೂ ತುಸು ಕಡಿಮೆಯಿತ್ತು. 2010ರ ವರದಿಯಿದು. ಮುಟ್ಟು ನಿಂತ 116 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ ಮೂರು ಗ್ರಾಂ ಎಣ್ಣೆ ತೆಗೆದುಕೊಂಡವರಲ್ಲಿ ಯೋನಿಯ ಒಳಪೊರೆಯ ಸ್ಥಿತಿ ಸುಧಾರಿಸಿದ ಲಕ್ಷಣಗಳು ಕಂಡವು. ಹಾರ್ಮೋನ್ ಚಿಕಿತ್ಸೆ ಒಗ್ಗದವರಿಗೆ ಇದು ಯೋಚಿಸಬಹುದಾದ ದಾರಿ. ತೇವವಿರುವ ಒಳಪೊರೆಗಳಿಗೆ ಈ ಎಣ್ಣೆ ಏನೋ ಒಂದಿಷ್ಟು ಮಾಡುತ್ತದೆ ಎಂದು ನಾನು ನಂಬುವುದು ಇಂಥ ಕೆಲಸಗಳಿಂದಾಗಿ. ದೆಹಲಿಯ ರಕ್ಷಣಾ ಪ್ರಯೋಗಾಲಯವೊಂದು 2002ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಪ್ರಸಿದ್ಧ. ಮಾರಕ ಪ್ರಮಾಣದ ವಿಕಿರಣಕ್ಕೆ ಮುನ್ನ ಹಣ್ಣಿನ ಸಾರ ಪಡೆದ ಸುಂಡಿಲಿಗಳಲ್ಲಿ ನೂರಕ್ಕೆ 82 ಬದುಕಿದವು, ಪಡೆಯದವುಗಳಲ್ಲಿ ಒಂದೂ ಉಳಿಯಲಿಲ್ಲ. ವಿಜ್ಞಾನವಾಗಿ ರೋಮಾಂಚಕ. ಅದನ್ನು ತಂದು 'ಕ್ಯಾನ್ಸರ್ ನಿವಾರಕ' ಎಂದು ಬಾಟಲಿಯ ಮೇಲೆ ಅಚ್ಚು ಹಾಕುವುದು ಮೋಸ.

ಈಗ ನಿಮ್ಮ ತಾಯಿಯವರ ವಿಷಯ. ಕ್ಯಾಪ್ಸೂಲ್ ಕೊಡಬೇಡಿ, ಕನಿಷ್ಠ ಹೃದಯದ ವೈದ್ಯರನ್ನು ಕೇಳುವವರೆಗೆ. ಸ್ಟೆಂಟ್ ಹಾಕಿದವರು ಸಾಮಾನ್ಯವಾಗಿ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿರುತ್ತಾರೆ, ಇವು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುವ ಮಾತ್ರೆಗಳು. ಹನ್ನೆರಡು ಗಂಡಸರ ಮೇಲೆ ಮಾಡಿದ ಚಿಕ್ಕ ಅಧ್ಯಯನವೊಂದರಲ್ಲಿ ಈ ಎಣ್ಣೆಯೂ ಅದೇ ಅಂಟುವಿಕೆಯನ್ನು ತಗ್ಗಿಸಿತು. ಎರಡೂ ಸೇರಿದರೆ ವಸಡಿನಿಂದಲೋ ಹೊಟ್ಟೆಯಲ್ಲೋ ರಕ್ತ ಒಸರುವ ಸಾಧ್ಯತೆ ಹೆಚ್ಚಬಹುದು. 'ಗಿಡಮೂಲಿಕೆ ತಾನೆ, ಏನಾಗುತ್ತದೆ' ಎಂಬ ಮಾತು ಇಂಥಲ್ಲಿಯೇ ಅಪಾಯ. ಒಂದು ವೇಳೆ ಈಗಾಗಲೇ ನುಂಗುತ್ತಿದ್ದರೆ ಗಾಬರಿ ಬೇಡ, ನಿಲ್ಲಿಸಿ, ವೈದ್ಯರಿಗೆ ಮುಚ್ಚಿಡದೆ ಹೇಳಿ. ಹಲ್ಲು ಕೀಳಿಸುವುದೋ ಶಸ್ತ್ರಚಿಕಿತ್ಸೆಯೋ ಇದ್ದರಂತೂ ಹೇಳಲೇಬೇಕು. ಇನ್ನು ರಸ. ಅಷ್ಟು ಹುಳಿಯನ್ನು ಕುಡಿಯುವಂತೆ ಮಾಡಲು ಬಾಟಲಿಗೆ ಸಕ್ಕರೆ ಸುರಿದಿರುತ್ತಾರೆ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 100 ಮಿಲಿಲೀಟರಿಗೆ ಎಷ್ಟು ಗ್ರಾಂ ಎಂದು ಓದಿ. ಹತ್ತಕ್ಕಿಂತ ಹೆಚ್ಚಿದ್ದರೆ ಅದು ನಿಮ್ಮ ತಾಯಿಗಲ್ಲ, ಮನೆಯ ಮಕ್ಕಳಿಗೆ.

ಮಂಡಿನೋವಿಗೆ ಮೂಳೆ ವೈದ್ಯರು ಹೇಳುವ ತೊಡೆಯ ವ್ಯಾಯಾಮ ಇದಕ್ಕಿಂತ ಸಾವಿರ ಪಾಲು ಮೇಲು, ಪುಕ್ಕಟೆ ಕೂಡ.

ನನ್ನ ಮಾತು ಕಟುವಾಯಿತೆನ್ನಿಸಿದರೆ ಅದಕ್ಕೆ ಕಾರಣ ಉಪ್ಪಾಗೆ. ನಿಮ್ಮ ತಂದೆಯವರ ಕಾಲದವರಿಗೆ ನೆನಪಿರಬಹುದು. ನಮ್ಮ ಕಾನುಗಳಲ್ಲಿ ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಉಪ್ಪಾಗೆಯ ಸಿಪ್ಪೆಯನ್ನು ಹಿಂದೆಲ್ಲ ಹೊಗೆ ಅಟ್ಟದ ಮೇಲೆ ಒಣಗಿಸಿ ಹುಳಿಗೆ ಬಳಸುತ್ತಿದ್ದೆವು, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಿದ್ದೆವು. ಆ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಹೇರಳವಾಗಿದೆ, ಪ್ರಯೋಗಾಲಯದಲ್ಲಿ ಅದು ಕೊಬ್ಬು ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಸಂಯೋಜನೆ ಸತ್ಯ, ಕಿಣ್ವದ ಕತೆಯೂ ಸತ್ಯ. ಅಷ್ಟರ ಮೇಲೆಯೇ 1990ರ ದಶಕದಲ್ಲಿ ಅಮೆರಿಕದಲ್ಲಿ ಅದು ಬೊಜ್ಜಿನ ಮಾತ್ರೆಯಾಯಿತು, ಇಲ್ಲಿ ಸಿಪ್ಪೆಯ ಬೆಲೆ ಚಿಗಿಯಿತು. ಹಣ್ಣಾಗುವವರೆಗೆ ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಕಾಯಿ ಕೊಯ್ದರು, ಕೈಗೆ ಎಟುಕದ ಕಡೆ ರೆಂಬೆಯನ್ನೇ ಕಡಿದರು. ಹಸಿಸಿಪ್ಪೆ ಒಣಗಿಸಲು ಒಲೆಗೆ ಕಾಡಿನ ಸೌದೆ ಬಂಡಿಗಟ್ಟಲೆ ಬಂತು. 1998ರಲ್ಲಿ 135 ಜನರ ಮೇಲೆ ಹನ್ನೆರಡು ವಾರ ನಡೆದ ಪ್ರಯೋಗದ ವರದಿ ಬಂತು. ಉಪ್ಪಾಗೆ ಮಾತ್ರೆ ನುಂಗಿದವರೂ ತೋರಿಕೆಯ ಮಾತ್ರೆ ನುಂಗಿದವರೂ ತೂಕ ಇಳಿಸಿದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಮುಂದೆ ಇಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾದವು. ಅಮೆರಿಕದವರು ಬೇರೆ ಮಾತ್ರೆ ಹುಡುಕಿಕೊಂಡರು. ಕಡಿದ ರೆಂಬೆ ನಮ್ಮ ಕಾನಿನದು.

ಉಪ್ಪಾಗೆ ಕನಿಷ್ಠ ನಮ್ಮ ನೆಲದ ಮರ. ವೆನಿಲ್ಲಾ ಹೊರಗಿನಿಂದ ಬಂದದ್ದು, 2003ರ ಸುಮಾರಿಗೆ ಅದರ ಬಳ್ಳಿಗೆ ಬೇಲಿ ಹಾಕಿ ರಾತ್ರಿ ಕಾವಲು ಕೂತವರು ನಮ್ಮ ನೆಂಟರಲ್ಲೇ ಇದ್ದರು. ಎರಡು ಮೂರು ವರ್ಷಗಳಲ್ಲಿ ಬೆಲೆ ಕುಸಿಯಿತು. ಆದರೂ ವೆನಿಲ್ಲಾ ಇಲ್ಲಿ ಬದುಕಿತ್ತು. ಸೀ ಬಕ್‌ಥಾರ್ನ್ ಬದುಕುವುದೂ ಇಲ್ಲ.

ಎಲೆಚುಕ್ಕಿಯಿಂದ ಸೊರಗಿದ ತೋಟವನ್ನು ನೋಡುತ್ತಾ ಕೈಕಟ್ಟಿ ಕೂರಿ ಎಂದು ನಾನು ಹೇಳುತ್ತಿಲ್ಲ. ರೋಗ ಬಿದ್ದ ಸೋಗೆಯನ್ನು ಕಡಿದು ಸುಡುವುದು, ಸಕಾಲದಲ್ಲಿ ಸಿಂಪಡಣೆ ಮಾಡುವುದು, ಜೊತೆಬೆಳೆ ಹಾಕುವುದು, ಇವೆಲ್ಲಕ್ಕೆ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಕಂಡು ಮಾತನಾಡಿ. ಬ್ಯಾಣದ ಅಂಚಿಗೆ ಏನಾದರೂ ಹಾಕಲೇಬೇಕೆಂದರೆ ಕಸಿ ಮಾಡಿದ ಮುರುಗಲು (ಪುನರ್ಪುಳಿ) ಅಥವಾ ನೆಲ್ಲಿ ಹಾಕಿ. ಮುರುಗಲಿನಲ್ಲೂ ಗಂಡು ಹೆಣ್ಣು ಬೇರೆಬೇರೆ, ಕಸಿಗಿಡವಾದರೆ ಆ ಜೂಜು ತಪ್ಪುತ್ತದೆ. ಸಿಪ್ಪೆಗೆ ಕೊಳ್ಳುವವರು ಇದ್ದಾರೆ, ಬೀಜದ ತುಪ್ಪಕ್ಕೂ ಇದ್ದಾರೆ. ಶ್ರೀಮಂತರಾಗುವುದಿಲ್ಲ, ಸಾಲಗಾರರೂ ಆಗುವುದಿಲ್ಲ.

ಒಂದು ವಿಷಯ ಹೇಳದೆ ಇರಲಾರೆ. ಸೀ ಬಕ್‌ಥಾರ್ನ್ ಸೇರುವ ಕುಟುಂಬದ ಒಂದು ಗಿಡ ನಿಮ್ಮ ಊರಿನ ಕಾಡಿನಲ್ಲೇ ಇದೆ. ಎಲಿಯಾಗ್ನಸ್ ಕಾನ್ಫರ್ಟಾ ಎಂದು ಸಸ್ಯಶಾಸ್ತ್ರದ ಹೆಸರು. ಕೆಲವು ಕಡೆ ಹಳಿಗೆ ಹಣ್ಣು ಎನ್ನುತ್ತಾರೆ, ಊರು ಬದಲಾದರೆ ಹೆಸರೂ ಬದಲಾಗುತ್ತದೆ. ಬೇರೆ ಮರಗಳ ಮೇಲೆ ಒರಗಿ ಹಬ್ಬುವ ದೊಡ್ಡ ಪೊದೆ. ಎಲೆ ತಿರುಗಿಸಿದರೆ ಅಡಿಭಾಗ ಬೆಳ್ಳಿಯ ಪುಡಿ ಉದುರಿಸಿದಂತೆ ಹೊಳೆಯುತ್ತದೆ, ನುಬ್ರಾದ ಗಿಡದ ಎಲೆಯಲ್ಲಿ ನಾನು ಕಂಡದ್ದು ಅದೇ ಹೊಳಪು. ಬೇಸಿಗೆ ಶುರುವಾಗುವ ಹೊತ್ತಿಗೆ ನಸುಗೆಂಪು ಹಣ್ಣು, ಮೈಮೇಲೆ ಸಣ್ಣ ಬಿಳಿ ಚುಕ್ಕೆ. ಹುಳಿ ತಾಳದೆ ಉಪ್ಪು ಹಚ್ಚಿ ತಿಂದು ನಾವು ಹಲ್ಲು ಚಳಿಸಿಕೊಂಡದ್ದು ಶಾಲೆಗೆ ಹೋಗುವ ಹಾದಿಯಲ್ಲಿ. ಲಡಾಖಿನ ಹಣ್ಣಿಗೆ ಸುರಿದ ಸಂಶೋಧನೆಯ ಹಣದಲ್ಲಿ ನೂರರಲ್ಲೊಂದು ಪಾಲೂ ಇದಕ್ಕೆ ಬಂದಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಹಾಗೆಂದು ಇದರಲ್ಲಿ ಸಂಜೀವಿನಿ ಇದೆ ಎಂದು ನಾನು ಹೊಸ ಕರಪತ್ರ ಬರೆಯಲು ಹೊರಟಿಲ್ಲ. ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಆ ಬೆಳ್ಳಿ ಎಲೆಯ ಬಳ್ಳಿ ಇದ್ದರೆ, ಈ ಸಲ ಸೊಪ್ಪು ಕಡಿಯುವಾಗ ಬುಡಕ್ಕೆ ಕತ್ತಿ ಹಾಕದಂತೆ ಆಳುಗಳಿಗೆ ಹೇಳಿಡಿ. ಚಳಿಗಾಲದಲ್ಲಿ ಹೂ ಬಿಟ್ಟಾಗ ಒಂದು ರೆಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟು, ನಿಮ್ಮ ಊರಿನಲ್ಲಿ ಅದಕ್ಕೆ ಏನೆನ್ನುತ್ತಾರೆಂದು ಮೂಲೆಯಲ್ಲಿ ಬರೆದು ಕಳಿಸಿದರೆ ನನಗೆ ಉಪಕಾರವಾಗುತ್ತದೆ.